ಮೂವತ್ತಾರು ಸಿಸ್ಟಮ್‌ಗೆ ಮೇಕ್ ಹಾಕಿದ್ದು

ನಾನು ಕಂಪ್ಯೂಟರ್ ಓದಿದವಳಲ್ಲ. ಎಸ್ಸೆಸ್ಸೆಲ್ಸಿ, ಬಂಟ್ವಾಳ ಪೇಟೆಯಲ್ಲಿ ಕಲಿತ ಟೈಪಿಂಗ್, ಆಮೇಲೆ ಮದುವೆ, ಎರಡು ಮಕ್ಕಳು. ಏನು ಕೆಲಸ ಎಂದು ಯಾರಾದರೂ ಕೇಳಿದರೆ ಇಂದಿಗೂ ಗೃಹಿಣಿ ಎಂದೇ ಹೇಳುತ್ತೇನೆ. ಆದರೆ ಬೆಳಗಿನ ಅಕ್ಕಿರೊಟ್ಟಿ ಮುಗಿಸಿ ಹೊರಟು ರಾತ್ರಿಯ ಸಾರು ಮಾಡಲು ವಾಪಸು ಬರುವ ನಡುವಿನ ಹೊತ್ತಿನಲ್ಲಿ ಹದಿನೈದು ವರ್ಷಕ್ಕಿಂತ ಹೆಚ್ಚು ಕಂಪ್ಯೂಟರ್ ಲ್ಯಾಬಿನಲ್ಲಿ ದುಡಿದಿದ್ದೇನೆ. ಅಲ್ಲಾಹನು ಕೈಕಾಲು ಗಟ್ಟಿ ಇಟ್ಟ, ಬಸ್ಸಿನಲ್ಲಿ ಹೆಚ್ಚಿನ ದಿನ ಕುಳಿತುಕೊಳ್ಳಲು ಜಾಗ ಕೊಟ್ಟ, ಮನೆಯವರು ಒಂದು ದಿನವೂ ಬೇಡ ಎನ್ನಲಿಲ್ಲ. ಇಷ್ಟು ಸಾಕು.

ಈಗ ಲ್ಯಾಬ್ ಕೆಲಸಕ್ಕೆ ಸೇರುವ ಮಕ್ಕಳು ನನ್ನನ್ನು ಕೇಳುವುದುಂಟು, ಅಲ್ಲಿ ಎಂತ ಮಾಡಬೇಕು ಎಂದು. ಪಾಠ ಮಾಡುವುದು ಮೇಷ್ಟ್ರುಗಳು. ಪಾಠ ನಡೆಯುವಂತೆ ಸಿಸ್ಟಮ್‌ಗಳನ್ನು ಇಟ್ಟುಕೊಳ್ಳುವುದು ನಾವು. ಏನೂ ಕೆಡದಿದ್ದರೆ ನಮ್ಮ ಹೆಸರು ಯಾರಿಗೂ ಗೊತ್ತಿರುವುದಿಲ್ಲ. ಕೆಟ್ಟ ದಿನ ಎಲ್ಲರೂ ಹೆಸರು ಹಿಡಿದು ಕರೆಯುತ್ತಾರೆ. ನನ್ನನ್ನು ಹಾಗೆ ಹೆಸರು ಹಿಡಿದು ಕರೆದ ಒಂದು ವಾರದ ವಿಷಯ ಹೇಳಿದರೆ ಉಳಿದದ್ದು ತಾನೇ ಗೊತ್ತಾಗುತ್ತದೆ.

ಅದಕ್ಕೂ ಮೊದಲಿನದು ಸ್ವಲ್ಪ ಹೇಳಬೇಕು. ನನ್ನ ಮೊದಲ ಕೆಲಸ ತೊಂಬತ್ತರ ದಶಕದಲ್ಲಿ, ಬೆಳ್ತಂಗಡಿಯ ಒಂದು ಮಹಡಿಯ ಮೇಲಿನ ಸಣ್ಣ ತರಬೇತಿ ಕೇಂದ್ರದಲ್ಲಿ. ಐದೇ ಕಂಪ್ಯೂಟರ್. ಒಂದು ಮೇ ತಿಂಗಳ ಸಂಜೆ ನಾವು ಬೀಗ ಹಾಕಿ ಹೋದ ಮೇಲೆ ಸಿಡಿಲು ಬಡಿದು ಎರಡು ಕಂಪ್ಯೂಟರ್ ಸುಟ್ಟುಹೋದವು. ಸ್ವಿಚ್ ಆಫ್ ಮಾಡಿಯೇ ಹೋಗಿದ್ದೆ. ಮರುದಿನ ಯಜಮಾನರು ಕೂಗಾಡಲಿಲ್ಲ. ಸುಟ್ಟ ಪೆಟ್ಟಿಗೆಯ ಮುಂದೆ ಕುಕ್ಕುರುಗಾಲಿನಲ್ಲಿ ಕುಳಿತು, "ಮನೆಯಲ್ಲಿ ಗುಡುಗು ಬಂದ್ರೆ ಟಿವಿಯ ಪ್ಲಗ್ ಎಳೀತೀರಲ್ಲ ಮಾರಾಯ್ರೆ. ಇದೆಂತ ಟಿವಿಗಿಂತ ಕಡೆಯಾ?" ಎಂದರು. ನನಗೆ ಅದು ಬೈಗುಳಕ್ಕಿಂತ ಹೆಚ್ಚು ನಾಟಿತು. ಅಂದಿನಿಂದ ಸಂಜೆ ಹೊರಡುವ ಮುಂಚೆ ಅಲ್ಲಾಹನ ಹೆಸರೆತ್ತಿ ಬಿಸ್ಮಿ ಹೇಳಿ ಒಂದೊಂದೇ ಪ್ಲಗ್ ಎಳೆದು ನೆಲದ ಮೇಲೆ ಮಲಗಿಸಿ ಹೋಗುವುದು ಅಭ್ಯಾಸವಾಯಿತು. ಮಳೆಗಾಲ, ಬೇಸಿಗೆ ಎಂದು ನೋಡುತ್ತಿರಲಿಲ್ಲ. ಆಮೇಲೆ ನನ್ನ ಕೈಯಲ್ಲಿದ್ದ ಒಂದು ಸಿಸ್ಟಮ್ ಕೂಡ ಸಿಡಿಲಿಗೆ ಹೋಗಲಿಲ್ಲ.

ಎರಡು ಸಾವಿರದ ನಂತರ ಮೂಡುಬಿದಿರೆಯ ಒಂದು ಡಿಪ್ಲೊಮಾ ಕಾಲೇಜಿಗೆ ಸೇರಿದೆ. ಬಂಟ್ವಾಳದಿಂದ ಸಿದ್ಧಕಟ್ಟೆ ದಾರಿಯಾಗಿ ಬಸ್ಸು. ಕೆಲಸ ವರ್ಷ ವರ್ಷದ ಕರಾರಿನದು. ಪ್ರತಿ ಜೂನ್‌ನಲ್ಲಿ ಪ್ರಾಂಶುಪಾಲರು ಸಹಿ ಹಾಕಿದರೆ ಮುಂದುವರಿಯುವುದು. ಲ್ಯಾಬಿನಲ್ಲಿ ಮೂವತ್ತಾರು ಸಿಸ್ಟಮ್. ಇಪ್ಪತ್ನಾಲ್ಕು ಹೊಸತು. ಕಿಟಕಿಯ ಸಾಲಿನ ಹನ್ನೆರಡು ಹಳತು, ಇನ್ನೊಂದು ವಿಭಾಗದವರು ಬಳಸಿ ಬಿಟ್ಟದ್ದು. ಆ ಹನ್ನೆರಡು ಬೆಳಿಗ್ಗೆ ಆನ್ ಮಾಡಿದ ಕೂಡಲೇ ಒಂದು ಸಲ ಕಿರುಚಿ, ಇಂಗ್ಲಿಷಿನಲ್ಲಿ ಎರಡು ಸಾಲು ತೋರಿಸಿ, ಎಫ್-ಒನ್ ಒತ್ತು ಎನ್ನುತ್ತಿದ್ದವು. ನಾನು ಒತ್ತುತ್ತಿದ್ದೆ. ಮುಂದೆ ಹೋಗುತ್ತಿದ್ದವು. ಮೇಲಿನ ಸಾಲಿನಲ್ಲಿ ಎಂತ ಬರೆದಿದೆ ಎಂದು ಓದಿದವಳಲ್ಲ. ಮುದುಕರಿಗೆ ಬೆಳಿಗ್ಗೆ ಕೆಮ್ಮು ಇದ್ದ ಹಾಗೆ ಎಂದುಕೊಂಡಿದ್ದೆ.

ಲ್ಯಾಬಿನ ಉಸ್ತುವಾರಿ ರಘುರಾಮ ಸರ್ ಅವರದು. ಒಳ್ಳೆಯ ಮನುಷ್ಯ, ಆದರೆ ಅವಸರದ ಜೀವ. ಒಂದು ಬೇಸಿಗೆ, ಪ್ರಾಯೋಗಿಕ ಪರೀಕ್ಷೆಗೆ ಮೂರು ವಾರ ಇರುವಾಗ ಒಂದು ಸಿಡಿ ತಂದು ನನ್ನ ಮೇಜಿನ ಮೇಲಿಟ್ಟರು.

"ಮೇಡಂ, ಈ ಸಲ ಪರೀಕ್ಷೆಗೆ ಮೇಕ್ ಬೇಕಂತೆ. ಮೂವತ್ತಾರರಲ್ಲೂ ಹಾಕಿ ಬಿಡಿ."

"ಎಂತ ಸರ್ ಅದು?"

"ಪ್ರೋಗ್ರಾಂ ಕಟ್ಟುವ ಟೂಲ್. ಮಕ್ಕಳು ಪ್ರೋಗ್ರಾಂ ನಾಲ್ಕೈದು ತುಂಡು ಮಾಡಿ ಬರೀತಾರಲ್ಲ, ಅದನ್ನೆಲ್ಲ ಸೇರಿಸಿ ಓಡುವ ಹಾಗೆ ಮಾಡಿ ಕೊಡ್ತದೆ. ಮೌಸ್ ಗೀಸ್ ಎಂತದೂ ಇಲ್ಲ. ಕಪ್ಪು ಪರದೆಯಲ್ಲಿ ಮೇಕ್ ಅಂತ ಟೈಪ್ ಮಾಡಿ ಎಂಟರ್ ಒತ್ತುವುದು, ಅಷ್ಟೇ."

ಅಷ್ಟೇ ಎಂದು ಅವರು ಹೇಳಿದ ಕೆಲಸಗಳಲ್ಲಿ ಅಷ್ಟಕ್ಕೇ ಮುಗಿದದ್ದು ನನಗೆ ನೆನಪಿಲ್ಲ.

ಸಿಡಿಯಿಂದ ಕಾಪಿ ಮಾಡಿದೆ. ಕಪ್ಪು ಪರದೆಯಲ್ಲಿ ಮೇಕ್ ಎಂದು ಟೈಪ್ ಮಾಡಿದೆ. ಅಂಥ ಆಜ್ಞೆ ಯಾವುದೂ ನನಗೆ ಗೊತ್ತಿಲ್ಲ ಎಂದಿತು ಸಿಸ್ಟಮ್. ಒಳಗೆ ಇಟ್ಟದ್ದನ್ನೇ ಗೊತ್ತಿಲ್ಲ ಎನ್ನುತ್ತದೆ. ಸರ್ ಬಂದು ನೋಡಿ, "ಎಲ್ಲಿಟ್ಟಿದ್ದೀರಿ ಅಂತ ಅದಕ್ಕೆ ಹೇಳ್ಬೇಕಲ್ಲ, ಪಾಥ್‌ನಲ್ಲಿ ಬರೀರಿ" ಎಂದು ಹೊರಟರು. ಪಾಥ್ ಎಂದರೆ, ಆಜ್ಞೆಗಳನ್ನು ಎಲ್ಲೆಲ್ಲಿ ಹುಡುಕಬೇಕು ಎಂದು ಸಿಸ್ಟಮ್‌ಗೆ ತಿಳಿಸುವ ಒಂದು ಉದ್ದ ಸಾಲು. ನಾನು ಅಲ್ಲಿದ್ದ ಹಳೆಯ ಸಾಲನ್ನು ಅಳಿಸಿ ಮೇಕ್‌ನ ವಿಳಾಸ ಬರೆದೆ. ಮೇಕ್ ಬಂತು. ಖುಷಿಯಲ್ಲಿ ಹದಿನಾಲ್ಕು ಸಿಸ್ಟಮ್‌ಗೆ ಹಾಗೆಯೇ ಮಾಡಿದೆ. ಮಧ್ಯಾಹ್ನ ಮಕ್ಕಳು ಬಂದರು.

"ಮೇಡಂ, ಮೇಕ್ ಬರ್ತದೆ. ಬಾಕಿ ಎಂತದೂ ಬರುದಿಲ್ಲ."

ಹೊಸ ವಿಳಾಸ ಕೊಡುವ ಭರದಲ್ಲಿ ಉಳಿದ ಎಲ್ಲದರ ವಿಳಾಸ ಅಳಿಸಿಬಿಟ್ಟಿದ್ದೆ. ಹಳೆಯ ಸಾಲಿನ ಕೊನೆಗೆ ಸೇರಿಸಬೇಕಿತ್ತು. ಹದಿನಾಲ್ಕನ್ನೂ ಒಂದೊಂದಾಗಿ ಸರಿ ಮಾಡಲು ಎರಡು ದಿನ ಹಿಡಿಯಿತು. ಮೂವತ್ತಾರಕ್ಕೂ ಮಾಡಿರಲಿಲ್ಲವಲ್ಲ, ಅಲ್‌ಹಮ್ದುಲಿಲ್ಲಾ. ಹೊಸದಾಗಿ ಸೇರುವವರು ಇದೊಂದನ್ನು ಬರೆದಿಟ್ಟುಕೊಳ್ಳಿ: ಒಂದರಲ್ಲಿ ಹಾಕಿ, ಮಕ್ಕಳಿಗೆ ಒಂದು ದಿನ ಕೊಡಿ, ಆಮೇಲೆ ಉಳಿದವುಗಳಿಗೆ ಕೈ ಹಾಕಿ.

ಆಮೇಲೆ ನಾನು ಜಾಣತನ ಕಲಿತೆ. ಹೊಸ ಸಾಲಿನ ಒಂದನೇ ಸಿಸ್ಟಮ್‌ನಲ್ಲಿ ಎಲ್ಲವನ್ನೂ ಸರಿಯಾಗಿ ಕೂರಿಸಿ, ಸರ್ ಕೊಟ್ಟ ಮಾದರಿ ಪ್ರೋಗ್ರಾಂ ಒಂದನ್ನು ಅಲ್ಲೇ ಮೇಕ್‌ನಿಂದ ಕಟ್ಟಿ, ಪೂರ್ತಿ ಗಂಟನ್ನು ಒಂದು ಸಿಡಿಗೆ ಹಾಕಿದೆ. ಅದನ್ನೇ ಉಳಿದ ಮೂವತ್ತೈದಕ್ಕೂ ಇಳಿಸಿದೆ. ಪ್ರತಿಯೊಂದರಲ್ಲೂ ಕುಳಿತು ಮೇಕ್ ಎಂದು ಹೊಡೆದೆ. ಪ್ರತಿಯೊಂದೂ 'ಅಪ್ ಟು ಡೇಟ್' ಎಂದಿತು, ಅಂದರೆ ಎಲ್ಲ ಆಗಿದೆ, ಹೊಸದಾಗಿ ಮಾಡಲು ಏನೂ ಇಲ್ಲ ಎಂದು. ಮಾದರಿ ಪ್ರೋಗ್ರಾಂ ಓಡಿತು. ರಿಜಿಸ್ಟರಿನಲ್ಲಿ ಮೂವತ್ತಾರು ಟಿಕ್ ಹಾಕಿ, ಎಲ್ಲವನ್ನೂ ಪರೀಕ್ಷಿಸಲಾಗಿದೆ ಎಂದು ಬರೆದು, ಕೆಳಗೆ ಸಹಿ ಮಾಡಿದೆ. ಆ ಪುಟವನ್ನು ನೋಡಿ ಎಷ್ಟು ಹೆಮ್ಮೆಪಟ್ಟಿದ್ದೆ ಎಂದು ಈಗ ಹೇಳಲು ನಾಚಿಕೆಯಾಗುತ್ತದೆ.

ಪರೀಕ್ಷೆ ಸೋಮವಾರ ಸುರುವಾಯಿತು. ಹೊರಗಿನ ಊರಿನಿಂದ ಪರೀಕ್ಷಕರು ಬಂದಿದ್ದರು, ಶನಿವಾರದವರೆಗೆ ಇರುವವರು. ಶನಿವಾರ ಸಂಜೆ ಅಂಕಗಳ ಲಕೋಟೆಗೆ ಅರಗಿನ ಮುದ್ರೆ ಬಿದ್ದರೆ ಆಮೇಲೆ ಯಾರೂ ತೆರೆಯುವಂತಿಲ್ಲ.

ಮೊದಲ ದಿನದ ತಂಡದಲ್ಲಿ ಹರಿಣಾಕ್ಷಿ ಇದ್ದಳು. ಕನ್ಯಾನದ ಹುಡುಗಿ, ಎರಡು ಬಸ್ಸು ಬದಲಿಸಿ ಬರುವವಳು. ಮಾತು ಕಡಿಮೆ, ಕೆಲಸ ಚೊಕ್ಕ. ಮನೆಯಲ್ಲಿ ತಾಯಿ, ಅಕ್ಕ ಬೀಡಿ ಕಟ್ಟುತ್ತಿದ್ದರು. ಒಂದು ವರ್ಷ ಫೇಲ್ ಆದರೂ ಕಾಲೇಜು ಸಾಕು, ಬೀಡಿಗೆ ಕೂರಬೇಕು ಎಂದು ಅವಳ ಅಪ್ಪ ಹೇಳಿಟ್ಟಿದ್ದರು. ಇದು ಲ್ಯಾಬಿನಲ್ಲಿ ಎಲ್ಲರಿಗೂ ಗೊತ್ತಿತ್ತು.

ಚೀಟಿ ಎತ್ತಿದಾಗ ಅವಳಿಗೆ ಬಂದದ್ದು ಮಾದರಿ ಪ್ರೋಗ್ರಾಮನ್ನು ತಿದ್ದುವ ಪ್ರಶ್ನೆ. ಸಂಖ್ಯೆಗಳನ್ನು ಸಣ್ಣದರಿಂದ ದೊಡ್ಡದಕ್ಕೆ ಜೋಡಿಸುವುದನ್ನು ದೊಡ್ಡದರಿಂದ ಸಣ್ಣದಕ್ಕೆ ಮಾಡಬೇಕು. ಅದೇ ಪ್ರಶ್ನೆ ಇನ್ನೊಬ್ಬ ಹುಡುಗನಿಗೂ ಬಂತು. ಅವನು ಹೊಸ ಸಾಲಿನಲ್ಲಿ ಕುಳಿತು ಅರ್ಧ ಗಂಟೆಯಲ್ಲಿ ಮುಗಿಸಿದ. ಹರಿಣಾಕ್ಷಿ ಕುಳಿತದ್ದು ಕಿಟಕಿಯ ಸಾಲಿನ ಒಂಬತ್ತನೇ ಸಿಸ್ಟಮ್‌ನಲ್ಲಿ. ಅವಳೂ ತಿದ್ದಿ ಮೇಕ್ ಹೊಡೆದಳು. ಅಪ್ ಟು ಡೇಟ್ ಎಂದಿತು. ಓಡಿಸಿದರೆ ಹಳೆಯ ಉತ್ತರವೇ. ಪುನಃ ತಿದ್ದಿದಳು. ಪುನಃ ಅದೇ. ಪರೀಕ್ಷಕರು ಹಿಂದೆ ಬಂದು ನಿಂತರು.

"ನೀನು ತಿದ್ದಿದ್ದರೆ ಉತ್ತರ ಬದಲಾಗಬೇಕಲ್ಲಮ್ಮ."

"ತಿದ್ದಿದ್ದೇನೆ ಸರ್. ನೋಡಿ, ಇಲ್ಲಿ ಉಂಟಲ್ಲ."

"ಈಗ ನಾನು ಬರುವಾಗ ತಿದ್ದಿದ್ದಿರಬಹುದು." ಅವರು ನನ್ನ ಕಡೆ ತಿರುಗಿದರು. "ಮೇಡಂ, ಈ ಸಿಸ್ಟಮ್‌ನಲ್ಲಿ ಟೂಲ್ ಸರಿಯಾಗಿ ಹಾಕಿದ್ದೀರಾ?"

ನಾನು ರಿಜಿಸ್ಟರ್ ತೆರೆದು ತೋರಿಸಿದೆ. "ಎಲ್ಲದರಲ್ಲೂ ಸರಿ ಉಂಟು ಸರ್. ನಾನೇ ಪರೀಕ್ಷೆ ಮಾಡಿದ್ದು." ಎಲ್ಲರ ಮುಂದೆ ಹೇಳಿದೆ. ಹೇಳುವಾಗ ಸ್ವರದಲ್ಲಿ ಸ್ವಲ್ಪ ಜಂಬವೂ ಇತ್ತು.

ಅವರು ಅವಳಿಗೆ ಪಾಸಿನ ಅಂಕ ಕೊಡಲಿಲ್ಲ. ಹೊರಗೆ ಹೋಗುವಾಗ ಹರಿಣಾಕ್ಷಿ ನನ್ನ ಮೇಜಿನ ಬಳಿ ನಿಂತಳು. "ಮೇಡಂ, ನಾನು ತಿದ್ದಿದ್ದೆ" ಎಂದಳು. ಅಳಲಿಲ್ಲ. ಅತ್ತಿದ್ದರೆ ಸಮಾಧಾನ ಮಾಡಿ ಮರೆಯುತ್ತಿದ್ದೆನೋ ಏನೋ.

ಮಂಗಳವಾರ, ಬುಧವಾರ ಆ ಮಾತು ಬಿಡಲಿಲ್ಲ. ರೊಟ್ಟಿ ತಟ್ಟುವಾಗಲೂ ಅದೇ. ಗುರುವಾರ ಬೆಳಗಿನ ತಂಡ ಹೋದ ಮೇಲೆ ನಾನು ಒಂಬತ್ತನೇ ಸಿಸ್ಟಮ್ ಮುಂದೆ ಕುಳಿತು ಮಾದರಿ ಪ್ರೋಗ್ರಾಮಿನಲ್ಲಿ ಒಂದು ಸಾಲು ತಿದ್ದಿದೆ. ಮೇಕ್ ಹೊಡೆದೆ. ಅಪ್ ಟು ಡೇಟ್. ಉತ್ತರ ಹಳತು. ನನ್ನ ಕಣ್ಣ ಮುಂದೆಯೇ ನಾನೇ ತಿದ್ದಿದ್ದೆ, ಅದು ಇಲ್ಲ ಎನ್ನುತ್ತಿತ್ತು.

ಸರ್ ಬಾಗಿಲಲ್ಲಿ ತಲೆ ಹಾಕಿ, "ತೆಗೆದು ಪುನಃ ಇನ್‌ಸ್ಟಾಲ್ ಮಾಡಿ ಮೇಡಂ" ಎಂದರು. ಮಾಡಿದೆ. ಅದೇ. ಇನ್ನೊಮ್ಮೆ ಮಾಡಿದೆ. ಅದೇ. ಪಾಥ್ ನೋಡಿದೆ, ಸರಿ ಇತ್ತು. ಎಲ್ಲವೂ ಸರಿ ಇತ್ತು, ಕೆಲಸ ಮಾತ್ರ ಆಗುತ್ತಿರಲಿಲ್ಲ.

ಅಷ್ಟರಲ್ಲಿ ಮಧ್ಯಾಹ್ನದ ಲುಹರ್ ನಮಾಜಿನ ಹೊತ್ತಾಯಿತೇನೋ ಎನಿಸಿತು. ಕೈಗಡಿಯಾರ ಆ ದಿನ ಮನೆಯಲ್ಲೇ ಬಿಟ್ಟು ಬಂದಿದ್ದೆ. ಹೊತ್ತು ನೋಡಲು ಸಿಸ್ಟಮ್‌ನ ಮೂಲೆಗೆ ಕಣ್ಣು ಹಾಕಿದರೆ ನಾಲ್ಕು ಮೂವತ್ತೆಂಟು. ಲುಹರ್ ತಪ್ಪಿತು, ಸಂಜೆಯ ಅಸರ್ ಕೂಡ ಬಂದುಹೋಯಿತು, ನಾನು ಈ ಡಬ್ಬಿಯ ಮುಂದೆ ಕುಳಿತು ಇಬಾದತ್ ಮರೆತೆ ಎಂದು ಎದ್ದು ನಿಂತೆ. ನೋಡಿದರೆ ಬಿಸಿಲು ನೆತ್ತಿಯ ಮೇಲಿದೆ, ಕ್ಯಾಂಟೀನಿನಲ್ಲಿ ಊಟದ ತಟ್ಟೆಗಳ ಸದ್ದು. ಪುನಃ ಕುಳಿತು ಮೌಸಿನ ಬಾಣವನ್ನು ಗಡಿಯಾರದ ಮೇಲಿಟ್ಟೆ. ಯಾವುದೋ ಹಳೆಯ ವರ್ಷದ ಜನವರಿ ಒಂದನೇ ತಾರೀಕು, ಬೆಳಗಿನ ಜಾವ ನಾಲ್ಕು ಮೂವತ್ತೆಂಟು.

ಹತ್ತನೆಯದನ್ನು ನೋಡಿದೆ. ಜನವರಿ ಒಂದು. ಹನ್ನೊಂದು, ಹನ್ನೆರಡು, ಹಿಂದಿನ ಎಂಟು, ಎಲ್ಲ ಜನವರಿ ಒಂದು. ಹೊಸ ಸಾಲಿನಲ್ಲಿ ಮಾತ್ರ ಸರಿಯಾದ ದಿನ. ಮೊದಲು ಹೋಗಿ ನಮಾಜು ಮಾಡಿದೆ. ಬಂದು ರಘುರಾಮ ಸರ್ ಅವರನ್ನು ಅನ್ನದ ಮುಂದಿನಿಂದ ಎಬ್ಬಿಸಿ ಕರೆತಂದೆ.

ಅವರು ಗಡಿಯಾರ ನೋಡಿದರು, ನನ್ನನ್ನು ನೋಡಿದರು, ತಲೆಗೆ ಕೈ ಹೊಡೆದುಕೊಂಡರು. "ಮೇಕ್ ಇರುದೇ ಹೊತ್ತು ನೋಡ್ಲಿಕ್ಕೆ ಮೇಡಂ. ಬರೆದ ಫೈಲ್ ಹೊಸತಾ, ಕಟ್ಟಿದ ಫೈಲ್ ಹೊಸತಾ ಅಂತ ನೋಡ್ತದೆ. ಬರೆದದ್ದು ಹೊಸತಾದ್ರೆ ಮಾತ್ರ ಪುನಃ ಕಟ್ತದೆ. ನೀವು ಸಿಡಿಯಿಂದ ಇಳಿಸಿದ ಪ್ರೋಗ್ರಾಂ ಕಟ್ಟಿದ್ದು ಈ ವರ್ಷ. ಹುಡುಗಿ ತಿದ್ದಿದ್ದು ಈ ಸಿಸ್ಟಮ್‌ನ ಲೆಕ್ಕದಲ್ಲಿ ಯಾವ ಕಾಲದ್ದೋ ಜನವರಿಯಲ್ಲಿ. ಅದಕ್ಕೆ ಅವಳ ತಿದ್ದುಪಡಿ ಹಳತಾಗಿ ಕಾಣ್ತದೆ. ಕಟ್ಟುದೇ ಇಲ್ಲ. ಪೂರ್ತಿ ಹೊಸದಾಗಿ ಬರೆದವರದ್ದು ಕಟ್ತದೆ, ಈ ಸಾಲಿನಲ್ಲಿ ತಿದ್ದುವ ಪ್ರಶ್ನೆ ಬಂದದ್ದು ಅವಳೊಬ್ಬಳಿಗೇ."

"ಹಾಗಾದ್ರೆ ನಾನು ಟೆಸ್ಟ್ ಮಾಡಿದ್ದು?"

"ಅಪ್ ಟು ಡೇಟ್ ಅಂತ ಬಂತು, ಸರಿ ಉಂಟು ಅಂತ ಬರೆದ್ರಿ. ಅಲ್ಲಿ ಎಂತದೂ ಕಟ್ಟಲೇ ಇಲ್ಲ."

ನಾನು ಯಾವ ಮಾತನ್ನು ಕೇಳಿ ಮೂವತ್ತಾರು ಟಿಕ್ ಹಾಕಿದ್ದೆನೋ, ಅದೇ ಮಾತು ಆ ಹುಡುಗಿಯನ್ನು ಫೇಲ್ ಮಾಡಿತ್ತು.

ಗಡಿಯಾರ ಯಾಕೆ ಹಿಂದೆ ಹೋಯಿತು ಎಂದು ಪೆಟ್ಟಿಗೆ ತೆರೆದು ನೋಡಿದೆವು. ಒಳಗೆ ನಾಣ್ಯದಷ್ಟು ದೊಡ್ಡದೊಂದು ಬ್ಯಾಟರಿ ಸೆಲ್ ಇರುತ್ತದೆ. ಕರೆಂಟು ಇಲ್ಲದಾಗ ಗಡಿಯಾರ ನಡೆಸುವುದು ಅದು. ಪ್ಲಗ್ ಗೋಡೆಯಲ್ಲಿದ್ದು ಸ್ವಿಚ್ ಹಾಕಿಯೇ ಇದ್ದರೆ ಸೆಲ್ಲಿಗೆ ಕೆಲಸ ಕಡಿಮೆ. ನಾನು ಪ್ರತಿ ಸಂಜೆ, ರಜೆ ಬಂದರೆ ತಿಂಗಳುಗಟ್ಟಲೆ, ಪ್ಲಗ್ ಎಳೆದಿಟ್ಟು ಆ ಮುದುಕ ಸೆಲ್ಲುಗಳನ್ನು ಬೇಗ ಮುಗಿಸಿದ್ದೆ. ಸೆಲ್ ಸತ್ತ ಮೇಲೆ ಪ್ಲಗ್ ಎಳೆದರೆ ಹೊತ್ತೂ ಹೋಯಿತು, ಬೆಳಿಗ್ಗೆ ಜನವರಿ ಒಂದರಿಂದ ಪುನಃ ಸುರು. ಎಫ್-ಒನ್ ಒತ್ತು ಎನ್ನುವ ಮೊದಲು ಅವು ತೋರಿಸುತ್ತಿದ್ದ ಸಾಲು ಅದನ್ನೇ ಹೇಳುತ್ತಿತ್ತು. ಒಂದು ವರ್ಷದಿಂದ ದಿನವೂ ಹೇಳುತ್ತಿತ್ತು.

ಸರ್ ಕುರ್ಚಿ ಎಳೆದು ಕುಳಿತರು. "ಒಂದು ಮಾತು ಹೇಳ್ತೇನೆ ಮೇಡಂ. ಪರೀಕ್ಷಕರ ಹತ್ತಿರ ನಾನು ಮೆಲ್ಲ ಮಾತಾಡ್ತೇನೆ. ಕರೆಂಟು ಹೋಗಿತ್ತು, ಏನೋ ಆಯ್ತು ಅಂತ. ಅವಳನ್ನು ಇನ್ನೊಮ್ಮೆ ಕೂರಿಸುವ. ನೀವು ಬರೆದು ಕೊಡುದೆಲ್ಲ ಬೇಡ. ಜೂನ್‌ನಲ್ಲಿ ನಿಮ್ಮ ಕರಾರಿನ ಕಾಗದ ಪ್ರಾಂಶುಪಾಲರ ಮೇಜಿನ ಮೇಲೆ ಬರುವಾಗ ಇದೂ ಅದರ ಒಟ್ಟಿಗೆ ಬರ್ತದೆ."

"ಮಾತಲ್ಲಿ ಹೇಳಿದ್ರೆ ಕನಿಕರಕ್ಕೆ ಕೂರಿಸಿದ್ರು ಅಂತ ಆಗ್ತದೆ ಸರ್. ಅವಳು ತಿದ್ದಿದ್ದಾಳೆ. ಅವಳಿಗೆ ಎಂತಕ್ಕೆ ಕನಿಕರ?"

"ನಿಮ್ಮ ಇಷ್ಟ. ನಾನು ಹೇಳಿಲ್ಲ ಅಂತ ಆಮೇಲೆ ಹೇಳ್ಬೇಡಿ."

ಆ ಸಂಜೆ ಮನೆಯವರಿಗೆ ವಿಷಯ ಹೇಳಿದೆ. ಅವರು ಚಾ ಕುಡಿಯುತ್ತಾ ಕೇಳಿ, "ಸರಿ ಉಂಟು ಅಂತ ನೀನು ಹೇಳಿದ್ದು ಎಲ್ಲರ ಎದುರಲ್ಲಿ ಅಲ್ವಾ?" ಎಂದರು. ಹೌದು ಎಂದೆ. "ಹಾಗಾದ್ರೆ ಬರೆ. ಬರೆದದ್ದು ಎಲ್ಲರಿಗೂ ಓದ್ಲಿಕ್ಕೆ ಸಿಗ್ತದೆ."

ಪ್ರಾಂಶುಪಾಲರಿಗೆ ಕನ್ನಡದಲ್ಲೇ ಬರೆದೆ, ಒಂದೇ ಪುಟ. ಸೋಮವಾರ ವಿದ್ಯಾರ್ಥಿನಿ ಪ್ರೋಗ್ರಾಮನ್ನು ತಿದ್ದಿದ್ದಳು. ಒಂಬತ್ತನೇ ಸಿಸ್ಟಮ್‌ನ ಗಡಿಯಾರ ತಪ್ಪಿದ್ದರಿಂದ ಅದು ಫಲಿತಾಂಶದಲ್ಲಿ ಕಾಣಲಿಲ್ಲ. ಟೂಲ್ ಸರಿಯಿದೆ ಎಂದು ನಾನು ಹೇಳಿದ್ದು ತಪ್ಪು. ಪ್ಲಗ್ ಎಳೆದದ್ದು ನಾನು, ಎಚ್ಚರಿಕೆಯ ಸಾಲನ್ನು ಓದದೆ ಇದ್ದದ್ದೂ ನಾನು. ಶುಕ್ರವಾರ ಬೆಳಿಗ್ಗೆ ಪ್ರಾಂಶುಪಾಲರ ಕೋಣೆಗೆ ಒಯ್ದೆ. ಪರೀಕ್ಷಕರೂ ಅಲ್ಲಿಯೇ ಇದ್ದರು. ಪ್ರಾಂಶುಪಾಲರು ಎರಡು ಸಲ ಓದಿದರು.

"ಇದನ್ನು ನಾನು ಫೈಲಿಗೆ ಹಾಕ್ಬೇಕಾಗ್ತದೆ. ಗೊತ್ತುಂಟಲ್ಲ?"

"ಗೊತ್ತುಂಟು ಸರ್."

ಪರೀಕ್ಷಕರು ನಂಬಲಿಲ್ಲ. ಗಡಿಯಾರದಿಂದ ಹುಡುಗಿ ಫೇಲಾಗುವುದುಂಟೇ ಎಂದು ನಕ್ಕರು. "ಬಂದು ನೋಡಿ ಸರ್" ಎಂದೆ. ಪ್ರಾಂಶುಪಾಲರೂ ರಘುರಾಮ ಸರ್ ಕೂಡ ಬಂದು ನಿಂತರು. ಒಂಬತ್ತರ ಮುಂದೆ ಪರೀಕ್ಷಕರನ್ನೇ ಕೂರಿಸಿದೆ. ಅವರೇ ತಿದ್ದಿದರು, ಅವರೇ ಮೇಕ್ ಹೊಡೆದರು. ಅಪ್ ಟು ಡೇಟ್ ಎಂದಿತು. ಉತ್ತರ ಹಳತು. ಅವರ ಕಿವಿ ಕೆಂಪಾಯಿತು. ನಾನು ತಾರೀಕು ಸರಿ ಮಾಡಿ, ಫೈಲನ್ನು ಪುನಃ ಒಮ್ಮೆ ಸೇವ್ ಮಾಡಿಸಿ, ಈಗ ಹೊಡೆಯಿರಿ ಎಂದೆ. ಸಾಲುಗಳು ಸರಸರ ಇಳಿದವು, ಹೊಸ ಉತ್ತರ ಬಂತು. ನನ್ನ ಹದಿನೈದು ವರ್ಷದ ಕೆಲಸದಲ್ಲಿ ಅಷ್ಟು ಹೆಮ್ಮೆಪಟ್ಟ ಗಳಿಗೆ ಇನ್ನೊಂದಿಲ್ಲ. ತಪ್ಪು ನನ್ನದೇ, ಅದನ್ನು ಹಿಡಿದದ್ದೂ ನಾನೇ. ಕಾಲೇಜು ಕಲಿತ ಆ ಮೂವರೂ ಪರದೆಯನ್ನೇ ನೋಡುತ್ತಿದ್ದರು.

ಪರೀಕ್ಷಕರು ಎದ್ದು, "ಆ ಹುಡುಗಿಯನ್ನು ನಾಳೆ ಬರಹೇಳಿ" ಎಂದರು.

ಅದೇ ಸಂಜೆ ಬಂಟ್ವಾಳದ ಕೈಗಡಿಯಾರ ರಿಪೇರಿಯವರಲ್ಲಿ ಹನ್ನೆರಡು ಸೆಲ್ ಕೇಳಿದೆ. "ಹನ್ನೆರಡು ವಾಚ್ ಯಾರಿಗೆ ಮಾರಾಯ್ತಿ, ಮದುವೆಯಾ?" ಎಂದರು. ಅವರಲ್ಲಿ ಒಂಬತ್ತೇ ಇದ್ದದ್ದು, ಅಳತೆ ಸರಿ ಇತ್ತು. ಉಳಿದ ಮೂರು ಪಕ್ಕದ ಅಂಗಡಿಯಲ್ಲಿ ಸಿಕ್ಕಿದವು. ಶನಿವಾರ ಬೆಳಿಗ್ಗೆ ಬೇಗ ಹೋಗಿ ಹನ್ನೆರಡಕ್ಕೂ ಸೆಲ್ ಹಾಕಿ, ತಾರೀಕು ಕೂರಿಸಿ, ಪ್ರತಿಯೊಂದರಲ್ಲೂ ಒಂದು ಸಾಲು ತಿದ್ದಿ, ಉತ್ತರ ಬದಲಾದದ್ದನ್ನು ಕಣ್ಣಾರೆ ನೋಡಿದೆ. ಟಿಕ್ ಹಾಕಿದ್ದು ಆಮೇಲೆ. ಪ್ಲಗ್ ಎಳೆಯುವುದನ್ನು ನಾನು ಬಿಡಲಿಲ್ಲ, ನಮ್ಮ ಸಿಡಿಲು ನನಗೆ ಗೊತ್ತು. ಆದರೆ ಅಂದಿನಿಂದ ಬೆಳಿಗ್ಗೆ ಬೋರ್ಡಿನ ಮೇಲೆ ತಾರೀಕು, ಗಂಟೆ ಬರೆದು, ಮಕ್ಕಳು ಕುಳಿತ ಕೂಡಲೇ ಮೂಲೆಯಲ್ಲಿ ಅದೇ ಇದೆಯೇ ಎಂದು ಮೊದಲು ನೋಡಬೇಕು ಎಂದು ನಿಯಮ ಮಾಡಿದೆ. ಜೂನ್‌ನಲ್ಲಿ ಪ್ರಾಂಶುಪಾಲರು ನನ್ನ ಕರಾರಿಗೆ ಸಹಿ ಹಾಕಿದರು. ಅದೂ ಒಂದು ದಯೆ.

ಹರಿಣಾಕ್ಷಿ ಆ ಶನಿವಾರವೇ ಹತ್ತು ಗಂಟೆಗೆ ಬಂದಳು. ಎಲ್ಲಿ ಬೇಕಾದರೂ ಕೂರು ಎಂದರು ಪರೀಕ್ಷಕರು. ಅವಳು ಸೀದಾ ಹೋಗಿ ಒಂಬತ್ತರಲ್ಲೇ ಕುಳಿತಳು. ಹೊಸ ಪ್ರಶ್ನೆ ಕೊಟ್ಟರು, ಅದೂ ತಿದ್ದುವುದೇ. ನಾನು ನನ್ನ ಮೇಜಿನಲ್ಲಿ ಕುಳಿತು ಒಳಗೊಳಗೇ ಪ್ರವಾದಿಯವರ ಮೇಲೆ ಸಲಾತ್ ಹೇಳುತ್ತಿದ್ದೆ. ಇಪ್ಪತ್ತು ನಿಮಿಷದಲ್ಲಿ ಅವಳು ಕೈ ಎತ್ತಿದಳು. ಪರೀಕ್ಷಕರು ಓಡಿಸಿ ನೋಡಿ ತಲೆಯಾಡಿಸಿ ಅಂಕ ಬರೆದರು. ಎಷ್ಟು ಎಂದು ನಾನು ನೋಡಲಿಲ್ಲ. ಪಾಸು ಎಂದು ಅವರ ಮುಖದಲ್ಲಿ ಗೊತ್ತಾಯಿತು.

ಹನ್ನೆರಡು ಗಂಟೆಗೆ ಅವಳು ನನ್ನ ಮೇಜಿನ ಹತ್ತಿರ ಬಂದಳು.

"ಮೇಡಂ, ನೀವು ಪ್ರಿನ್ಸಿಪಾಲರಿಗೆ ಬರೆದ ಕಾಗದ ಉಂಟಲ್ಲ, ಅದರದ್ದು ಒಂದು ಝೆರಾಕ್ಸ್ ಸಿಗ್ತದಾ?"

"ಅದು ಎಂತಕ್ಕೆ? ಮಾರ್ಕ್ಸ್ ಕಾರ್ಡ್ ಬರ್ತದಲ್ಲ."

"ಅದರಲ್ಲಿ ಪಾಸ್ ಅಂತ ಮಾತ್ರ ಇರ್ತದೆ ಮೇಡಂ. ಸೋಮವಾರ ನಾನು ತಿದ್ದಿದ್ದೆ ಅಂತ ಇರುದಿಲ್ಲ. ಸೋಮವಾರ ಫೇಲ್ ಆದದ್ದು ಅಪ್ಪನಿಗೆ ಗೊತ್ತಾಗಿದೆ."

ಆಫೀಸಿಗೆ ಹೋಗಿ ಝೆರಾಕ್ಸ್ ತೆಗೆಸಿದೆ. ಯಂತ್ರದಲ್ಲಿ ಶಾಯಿ ಕಡಿಮೆಯಿತ್ತೇನೋ, ಅಕ್ಷರ ಓದಲು ಬರುತ್ತಿತ್ತು, ಕೆಳಗಿನ ಸಹಿ ಮಾತ್ರ ಮಸುಕಾಗಿತ್ತು. ಅದರ ಮೇಲೆ ಪೆನ್ನಿನಲ್ಲಿ ಇನ್ನೊಮ್ಮೆ ಸಹಿ ಹಾಕಿ, ಮಡಚದೆ ಅವಳ ಕೈಗೆ ಕೊಟ್ಟೆ.